ಕುಣಿಯುವವನ ಮನೆಯವರು

ಜನವರಿ 11, ಭಾನುವಾರ

ನೇಜಾ ಇವತ್ತು ಊಟಕ್ಕೆ ಬಂದವಳು ಎರಡು ಸುದ್ದಿ ತಂದಳು. ಮೊದಲನೆಯದು, ನಾನು ಅಜ್ಜಿಯಾಗುತ್ತಿದ್ದೇನೆ. ಸ್ಟಾನೆ ಎದ್ದು ಮಗಳ ಹಣೆಗೆ ಮುತ್ತಿಟ್ಟು, ನೆಲಮಾಳಿಗೆಯಿಂದ ಒಳ್ಳೆಯ ವೈನ್ ತರುತ್ತೇನೆಂದು ಹೋದ. ನನ್ನ ಗಂಡ ಒಳ್ಳೆಯ ವೈನ್ ತೆಗೆಯುವುದು ಮದುವೆಗೆ, ಇಲ್ಲವೇ ಸಾವಿಗೆ. ಅವನು ಮೆಟ್ಟಿಲು ಹತ್ತಿ ವಾಪಸು ಬರುವಷ್ಟರಲ್ಲಿ ಎರಡನೆಯ ಸುದ್ದಿಯೂ ಹೊರಬಿದ್ದಿತ್ತು.

ಅಮೆರಿಕದ ಕ್ಲೀವ್‌ಲ್ಯಾಂಡಿನಿಂದ ಡಯಾನ್ ಎನ್ನುವವಳು ನೇಜಾಳಿಗೆ ಮೇಲ್ ಬರೆದಿದ್ದಾಳೆ. ನನ್ನ ತಾತನ ತಮ್ಮ ಗಾಷ್ಪರ್ ಹದಿನಾರನೆಯ ವಯಸ್ಸಿಗೆ ಹಡಗು ಹತ್ತಿ ಹೋದವನು. ಇವಳು ಅವನ ಮರಿಮಗಳಂತೆ. ವರ್ಷಗಟ್ಟಲೆ ಹಳೆಯ ದಾಖಲೆ ತಿರುವಿಹಾಕಿ ನಮ್ಮನ್ನು ಪತ್ತೆಹಚ್ಚಿದ್ದಾಳೆ. ನೆಂಟರ ಮೇಲಿನ ಪ್ರೀತಿಯಿಂದಲ್ಲ. ಗಾಷ್ಪರ್‌ಗೆ, ಅವನ ಮಗನಿಗೆ, ಈಗ ಡಯಾನ್‌ಳ ಅಮ್ಮನಿಗೆ ಹಂಟಿಂಗ್ಟನ್ ಎನ್ನುವ ಕಾಯಿಲೆ. ನಲವತ್ತು ದಾಟಿದ ಮೇಲೆ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಆಮೇಲೆ ಬುದ್ಧಿಯೂ ಕೇಳುವುದಿಲ್ಲ. ಔಷಧವಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಬಂದರೂ ಬಂತು, ಬಿಟ್ಟರೂ ಬಿಟ್ಟಿತು, ನಾಣ್ಯ ಚಿಮ್ಮಿದ ಹಾಗೆ. ನಿಮ್ಮ ಕಡೆ ಯಾರಾದರೂ ಹೀಗಿದ್ದರೇ ಎಂದು ಕೇಳಿದ್ದಾಳೆ.

ಇದ್ದರು. ನಮ್ಮಪ್ಪ ನಡುಗುತ್ತಲೇ ಸತ್ತ, ತಾತನೂ ಅಷ್ಟೆ. ಆದರೆ ಅದು ಪಾದರಸದ ವಿಷ! ಈ ಊರಿನ ಗಣಿಯಲ್ಲಿ ದುಡಿದು ನಡುಗದೆ ಸತ್ತವರು ಎಷ್ಟು ಜನ? ಹೋಟೆಲಿನಲ್ಲಿ ಯಾರಾದರೂ ಮುದುಕ ನಡುಗಿದರೆ ಇಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ಪಕ್ಕದಲ್ಲಿದ್ದವನು ಲೋಟ ಹಿಡಿದುಕೊಡುತ್ತಾನೆ, ಅಷ್ಟೆ.

"ಗಾಷ್ಪರ್ ಗಣಿಗೆ ಇಳಿದೇ ಇರ್ಲಿಲ್ಲ ಅಮ್ಮಾ," ಎಂದಳು ನೇಜಾ.

"ಈ ಊರಲ್ಲಿ ಹುಟ್ಟಿದವನು ಇಳೀಲೇಬೇಕಾ? ಹೊಗೇಲೂ ಅದೇ, ನೀರಲ್ಲೂ ಅದೇ."

"ಅವನ ಮಗ ಅಲ್ಲಿ ಹುಟ್ಟಿದವನಲ್ಲ?"

"ಅದು ಅವನ ಹೆಂಡ್ತಿ ಕಡೆಯಿಂದ ಬಂದಿರತ್ತೆ. ಯಾವಳನ್ನ ಕಟ್ಕೊಂಡಿದ್ನೋ ಯಾರಿಗ್ಗೊತ್ತು."

ನೇಜಾ ತಟ್ಟೆ ಸರಿಸಿದಳು. "ನೀನೊಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊ. ನಿನ್ನಲ್ಲಿಲ್ಲ ಅಂದ್ರೆ ನನ್ನಲ್ಲೂ ಇಲ್ಲ, ಹೊಟ್ಟೇಲಿರೋ ಇದರಲ್ಲೂ ಇಲ್ಲ. ಗೊತ್ತಿಲ್ದೆ ತೊಟ್ಟಿಲು ತೂಗೋಕೆ ನನ್ನಿಂದಾಗಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ಬಾಯಿಗೆ ಬಂದದ್ದೆಲ್ಲ ಅಂದೆ. ಕೊನೆಗೆ ಒಂದು ಒಪ್ಪಂದವಾಯಿತು: ನಮ್ಮ ಹಿರಿಯರು ಎಲ್ಲಿಂದಲೋ ವಲಸೆ ಬಂದು ಈ ಊರು ಸೇರಿದವರು. ನಾನೇ ದಾಖಲೆ ಹುಡುಕುತ್ತೇನೆ. ಇಲ್ಲಿಗೆ ಬರುವ ಮೊದಲೇ, ಪಾದರಸ ಕಣ್ಣಿನಲ್ಲಿ ನೋಡುವ ಮೊದಲೇ ನಮ್ಮವರು ಯಾರಾದರೂ ನಡುಗಿದ್ದರು ಎಂದು ಗೊತ್ತಾದರೆ ಮಾತ್ರ ಸೂಜಿ ಚುಚ್ಚಿಸಿಕೊಳ್ಳುತ್ತೇನೆ.

ಸಾರಿನ ಬೋಗುಣಿ ಒಡೆಯಿತು, ಅಮ್ಮ ಕೊಟ್ಟದ್ದು. ಸ್ಟಾನೆ ಪಾತ್ರೆ ತೊಳೆದರೆ ಸೋಪು ಪೂರ್ತಿ ಹೋಗಿರುವುದಿಲ್ಲ, ಜಾರುತ್ತದೆ.

ಜನವರಿ 16, ಶುಕ್ರವಾರ

ಲೇಸಿನ ಅಂಗಡಿಯ ಬ್ರೇದಾ ನನ್ನ ಮೇಜುಹಾಸಿನ ಅಂಚನ್ನು ವಾಪಸು ಕಳಿಸಿದಳು. ಮೂವತ್ತು ವರ್ಷದಿಂದ ದಿಂಬಿನ ಮೇಲೆ ದಾರದ ಕಡ್ಡಿಗಳನ್ನು ಹೊರಳಿಸಿ ಲೇಸು ಹೆಣೆಯುತ್ತಿದ್ದೇನೆ, ಒಂದು ಎಳೆ ತಪ್ಪಿದವಳಲ್ಲ. "ಎಲ್ಲೆಲ್ಲೋ ಜೋತು ಬಿದ್ದಿದೆಯಲ್ಲೇ ಪಾವ್ಲಾ," ಎಂದಳು. ಜೋತು ಬೀಳದೆ ಏನು? ಅವಳು ತರಿಸುವ ಹೊಸ ದಾರವೇ ಹಾಗಿದೆ. ಅದನ್ನು ಅವಳ ಮುಖಕ್ಕೇ ಹೇಳಿದೆ. ಅಂಗಡಿಯಲ್ಲಿದ್ದ ಇಬ್ಬರು ಪ್ರವಾಸಿಗಳು ತಿರುಗಿ ನೋಡಿದರು. ನೋಡಲಿ.

ಜನವರಿ 22, ಗುರುವಾರ

ದಾಖಲೆಗಳ ಕಚೇರಿಗೆ ಹೋಗಿದ್ದೆ. ಆಗ ನಮ್ಮನ್ನು ಆಳುತ್ತಿದ್ದವರ ಹಳೆಯ ಜರ್ಮನ್ ಬರಹ, ಇರುವೆ ಸಾಲಿನ ಹಾಗೆ. ಅಲ್ಲಿನ ವಿದಾ ಎನ್ನುವವಳು ಓದಿ ಹೇಳಿದಳು. ಚರ್ಚಿನ ಮರಣದ ಪುಸ್ತಕದಲ್ಲಿ ನನ್ನ ಮುತ್ತಾತ: "ನಡುಕ, ಗಣಿ ಕೆಲಸಗಾರ." ಅವನ ಅಪ್ಪ: "ನಡುಕ, ಗಣಿ ಕೆಲಸಗಾರ." ಹೆಂಗಸರೆಲ್ಲ ಹೆರಿಗೆಯಲ್ಲಿ, ಕ್ಷಯದಲ್ಲಿ ಸತ್ತವರು. ಓದುತ್ತ ಓದುತ್ತ ನನ್ನ ಎದೆ ಹಗುರಾಯಿತು. ಪಾಪ, ಸತ್ತವರ ಪಟ್ಟಿ ಓದಿ ಖುಷಿಪಟ್ಟೆ, ದೇವರು ಕ್ಷಮಿಸಲಿ.

ನಡುವೆ ಒಂದು ಹಾಳೆ ಅಂಚಿನಲ್ಲಿ ಹರಿಯಿತು. ಹಳೆಯ ಕಾಗದ, ಮುಟ್ಟಿದರೆ ಹರಿಯುತ್ತದೆ. ಅಲ್ಲಿಂದ ಮುಂದೆ ವಿದಾ, "ನೀವು ಕೂತ್ಕೊಳ್ಳಿ ಮೇಡಂ, ಪುಟ ನಾನೇ ತಿರುಗಿಸ್ತೀನಿ," ಎಂದು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ನಾನೇನು ಕಳ್ಳಿಯೇ?

ಮನೆಗೆ ಬಂದು ನೇಜಾಳಿಗೆ ಫೋನ್ ಮಾಡಿದೆ. "ನಡುಗಿದವರೆಲ್ಲ ಗಣಿಯವರೇ! ಏನಂತೀಯ ಈಗ?" "ಗಣಿ ಕೆಲಸಕ್ಕೆ ಹೋಗದ ಗಂಡಸು ಯಾರಾದ್ರೂ ಇದ್ನಾ ಅಮ್ಮಾ ಆ ಪುಸ್ತಕದಲ್ಲಿ?" ಎಂದಳು. ವಕೀಲೆಯಾಗಬೇಕಿತ್ತು ಇವಳು.

ಫೆಬ್ರವರಿ 2, ಸೋಮವಾರ

ಮೇಣದಬತ್ತಿ ಹಬ್ಬ. ಚರ್ಚಿನ ಪೂಜೆ ಮುಗಿಸಿಕೊಂಡು ತಿಲ್ಕಾ ಅತ್ತೆಯನ್ನು ನೋಡಲು ಹೋದೆ. ಅಪ್ಪನ ತಂಗಿ. ಎಂಬತ್ತರ ಗಡಿಯಲ್ಲಿದ್ದಾಳೆ, ಸೂಜಿಗೆ ದಾರ ಕನ್ನಡಕವಿಲ್ಲದೆ ಪೋಣಿಸುತ್ತಾಳೆ. ನಮ್ಮ ರಕ್ತ ಚೆನ್ನಾಗಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಅದನ್ನೇ ಹೇಳಿದೆ. ಅತ್ತೆ ಖುಷಿಪಡಲಿಲ್ಲ.

"ನಂಗಿಲ್ಲ, ಸರಿ. ಮಿನ್ಕಾಗೆ?"

ಮಿನ್ಕಾ ಅವಳಕ್ಕ. ನಾನು ಹುಟ್ಟುವ ಮೊದಲೇ ಹೊಳೆಗೆ ಬಿದ್ದು ಸತ್ತವಳು. ಕಾಲು ಜಾರಿತು ಎಂದೇ ನಾವೆಲ್ಲ ಕೇಳಿಕೊಂಡು ಬೆಳೆದದ್ದು.

"ಮಿನ್ಕಾಗೆ ಏನಾಗಿತ್ತು?"

"ಕೈಯಲ್ಲಿ ಏನೂ ನಿಲ್ತಿರ್ಲಿಲ್ಲ ಕಣೇ. ತಟ್ಟೆ ಲೋಟ ಎಲ್ಲಾ ಬೀಳಿಸೋಳು. ಎಲ್ಲಾರ ಮೇಲೂ ಸಿಡಿಮಿಡಿ. ಲೇಸು ಕಲಿಸೋ ಶಾಲೆ ಕೆಲಸದಿಂದ ಕೈಬಿಟ್ರು. ಊರವರು ಕುಡೀತಾಳೆ ಅಂದ್ರು. ಒಂದು ತೊಟ್ಟು ಮುಟ್ಟಿದವಳಲ್ಲ ನಮ್ಮಕ್ಕ."

"ಗಂಡನ ಗಣಿ ಬಟ್ಟೆ ಒಗೀತಿದ್ಲಲ್ಲ ಅತ್ತೆ. ಬಟ್ಟೆಯಿಂದ್ಲೂ ಪಾದರಸ ಏರತ್ತೆ."

ಅತ್ತೆ ನನ್ನ ಕೈಗಳನ್ನೇ ನೋಡಿದಳು. ಆಮೇಲೆ, "ಹೌದು ಕಣಮ್ಮ, ಬಟ್ಟೇನೇ ಇರ್ಬೇಕು," ಎಂದು ನನ್ನ ಕೋಟಿನ ಗುಂಡಿ ತಾನೇ ಹಾಕಿಕೊಟ್ಟಳು, ಚಿಕ್ಕ ಮಗುವಿಗೆ ಹಾಕುವ ಹಾಗೆ. ವಯಸ್ಸಾದ ಮೇಲೆ ಮುದುಕಿಯರಿಗೆ ಎಲ್ಲರೂ ಮಕ್ಕಳೇ.

ಫೆಬ್ರವರಿ 6, ಶುಕ್ರವಾರ

ಕಾರಿನ ಬಾಗಿಲು ಗೇಟಿನ ಕಂಬಕ್ಕೆ ತಗುಲಿತು. ಕಂಬವನ್ನು ಅಲ್ಲಿ ನೆಟ್ಟದ್ದೇ ತಪ್ಪು, ನಾನು ಆಗಲೇ ಹೇಳಿದ್ದೆ. ಸ್ಟಾನೆ ಏನೂ ಅನ್ನದೆ ಕೀಲಿ ತನ್ನ ಜೇಬಿಗೆ ಹಾಕಿಕೊಂಡ. ರಿಪೇರಿಗೆ ಕಳಿಸುತ್ತಾನಂತೆ. ಈಗ ನಡುಮನೆಯಲ್ಲಿ ಮಲಗುತ್ತಾನೆ, ಬೆನ್ನು ನೋವಂತೆ. ನಿದ್ದೆ ಹತ್ತುವ ತನಕ ನಾನು ಒದೆಯುತ್ತೇನಂತೆ. ಇಪ್ಪತ್ತೈದು ವರ್ಷ ಇವನ ಗೊರಕೆ ಕೇಳಿದವಳು ನಾನು.

ಫೆಬ್ರವರಿ 10, ಮಂಗಳವಾರ

ಸಿಕ್ಕಿದ! ನಮ್ಮ ಮೊದಲಿಗ ಸಿಕ್ಕಿದ!

ಮದುವೆಯ ಪುಸ್ತಕ, 1829. "ತೊಮಾಜ್, ಗಣಿಯ ಗಾಡಿ ತಳ್ಳುವವನು, ಪೊಡ್‌ಲಾಜ್ ಎಂಬ ಊರಿನಿಂದ ಬಂದವನು, ಪ್ಲೆಸಾರ್ ಮನೆಯವನು." ಪೊಡ್‌ಲಾಜ್ ಈಗ ಗಡಿಯಾಚೆ, ಇಟಲಿಗೆ ಸೇರಿದೆ. ಆದರೂ ಅಲ್ಲಿ ನಮ್ಮ ಮಾತನ್ನೇ ಆಡುತ್ತಾರೆ.

ನನಗೆ ಆಶ್ಚರ್ಯವಾದದ್ದು ಮನೆಯ ಹೆಸರು. ನಮ್ಮಲ್ಲಿ ಕಾಗದದ ಮೇಲಿನ ಹೆಸರು ಒಂದು, ಊರು ಕರೆಯುವ ಮನೆಹೆಸರು ಇನ್ನೊಂದು. ನಾನು ಇವತ್ತಿಗೂ ಈ ಊರಿಗೆ ಪ್ಲೆಸಾರ್ ಮನೆಯ ಪಾವ್ಲಾ. ಪ್ಲೆಸಾರ್ ಎಂದರೆ ಕುಣಿಯುವವನು. ಯಾರೋ ಹಿರಿಯ ಇಲ್ಲಿನ ಮದುವೆಯೊಂದರಲ್ಲಿ ಪಿಟೀಲಿನವನು ಸುಸ್ತಾಗಿ ಬೀಳುವ ತನಕ ಕುಣಿದನಂತೆ, ಅದಕ್ಕೇ ಆ ಹೆಸರು ಬಂತೆಂದು ಅಪ್ಪ ಹೇಳುತ್ತಿದ್ದ. ಹೇಳುವಾಗ ಎದೆ ಉಬ್ಬಿಸುತ್ತಿದ್ದ. ಈಗ ನೋಡಿದರೆ ಹೆಸರು ಇಲ್ಲಿ ಹುಟ್ಟಿದ್ದೇ ಅಲ್ಲ, ತೊಮಾಜನ ಜೊತೆ ಗುಡ್ಡ ಹತ್ತಿ ಇಳಿದು ಬಂದದ್ದು. ಎಷ್ಟು ಹಳೆಯ ಮನೆತನ ನಮ್ಮದು!

ನೇಜಾಳಿಗೆ ಫೋನಿನಲ್ಲಿ ಹೇಳಿದೆ.

"ಇದ್ದೀಯೇನೇ?"

"ಇದ್ದೀನಿ. ಆ ಹೆಸರು ಅವನು ಬರೋಕೆ ಮುಂಚೇನೇ ಇತ್ತಾ?"

"ಅದನ್ನೇ ಅಲ್ವಾ ಇಷ್ಟು ಹೊತ್ತು ಒದರ್ತಿರೋದು!"

ಪೊಡ್‌ಲಾಜ್‌ನಲ್ಲಿ ಗಣಿಯಿಲ್ಲ. ಅಲ್ಲಿ ಯಾರೂ ನಡುಗಿರದಿದ್ದರೆ ಮಾತು ಮುಗಿಯಿತು. ಶನಿವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದಳು ನೇಜಾ. ಹೊಟ್ಟೆಯಲ್ಲಿ ಮಗು ಇರುವಾಗ ಬೆಟ್ಟದ ದಾರಿ ಬೇಡ ಎಂದರೂ ಕೇಳಲಿಲ್ಲ.

ಫೆಬ್ರವರಿ 14, ಶನಿವಾರ

ಎಲ್ಲವನ್ನೂ ನಡೆದ ಹಾಗೆಯೇ ಬರೆಯುತ್ತೇನೆ. ಇತ್ತೀಚೆಗೆ ಮರೆವು ಜಾಸ್ತಿ.

ಪೊಡ್‌ಲಾಜ್ ಎಂದರೆ ಗುಡ್ಡದ ಬೆನ್ನಿಗೆ ಅಂಟಿಕೊಂಡ ಒಂದು ಹಿಡಿ ಮನೆಗಳು, ಅರ್ಧಕ್ಕೆ ಬೀಗ. ಕಾರು ಕೆಳಗೇ ಬಿಟ್ಟು ನಡೆಯಬೇಕು. ಹಾದಿಯಲ್ಲಿ ಹಿಮ ಗಟ್ಟಿಯಾಗಿತ್ತು. ನೇಜಾ ನನ್ನ ತೋಳು ಹಿಡಿದಳು. "ಬಸುರಿ ನೀನು, ನಾನು ನಿನ್ನ ಹಿಡ್ಕೋಬೇಕು," ಎಂದೆ. ಬಿಡಲಿಲ್ಲ.

ಮೇಲೆ ಒಬ್ಬ ಮುದುಕಿ ಸೌದೆ ರಾಶಿಯ ಪಕ್ಕದಲ್ಲಿ ನಿಂತು ನಾವು ಹತ್ತಿ ಬರುವುದನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು:

"ಪ್ಲೆಸಾರ್ ಮನೆಯವ್ರಾ?"

ಇಷ್ಟು ತಲೆಮಾರು ಕಳೆದರೂ ಗುರುತು ಹಿಡಿದಳಲ್ಲ!

"ಮುಖ ನೋಡೇ ಗೊತ್ತಾಯ್ತಾ ಅಜ್ಜಿ?"

"ಮುಖ ಎಲ್ಲಿ ಕಾಣತ್ತೆ ತಾಯಿ, ಕಣ್ಣಿಗೆ ಪೊರೆ ಬಂದಿದೆ. ನಡಿಗೆ ನೋಡ್ದೆ. ಒಳಗೆ ಬನ್ನಿ, ಜಾರ್ತೀರಿ."

ಮಿಲ್ಯಾ ಅವಳ ಹೆಸರು. ಒಲೆಯ ಪಕ್ಕ ಕೂರಿಸಿ ಕಾಫಿ ಕೊಟ್ಟಳು. ಲೋಟ ಅಂಚಿನವರೆಗೂ ತುಂಬಿಸಿದ್ದಳು, ಚೆಲ್ಲಿತು. ಅವಳು ಏನೂ ಕೇಳದೆ ಒಂದು ಆಳವಾದ ಬಟ್ಟಲು ತಂದು ಅದರಲ್ಲಿ ಅರ್ಧಕ್ಕೆ ಸುರಿದು ನನ್ನ ಎರಡೂ ಕೈಗೆ ಇಟ್ಟಳು. "ಊರ್ಶುಲಾಗೂ ಹೀಗೇ ಕೊಡ್ತಿದ್ವಿ," ಎಂದಳು. ಊರ್ಶುಲಾ ಅಲ್ಲಿದ್ದ ಕೊನೆಯ ಪ್ಲೆಸಾರ್, ಮಿಲ್ಯಾ ಹುಡುಗಿಯಾಗಿದ್ದಾಗ ಸತ್ತವಳಂತೆ. ಮನೆ ಅಲ್ಲೇ ಪಕ್ಕದಲ್ಲಿ, ಈಗ ಬರೀ ಗೋಡೆ.

"ನಮ್ಮನೆಯವರು ಕುಣಿತದಲ್ಲಿ ಹೆಸರುವಾಸಿ ಇದ್ರಂತೆ?" ಎಂದೆ.

ಮುದುಕಿ ನೇಜಾಳ ಕಡೆ ನೋಡಿದಳು, ನನ್ನ ಕಡೆ ಅಲ್ಲ. "ನಿಂಗೆ ಎಷ್ಟು ತಿಂಗಳಮ್ಮ?"

"ಮೂರು. ಹೇಳಿ ಅಜ್ಜಿ. ನಾವು ಕೇಳೋಕೇ ಬಂದಿರೋದು."

"ಹಬ್ಬದ ಕುಣಿತ ಅಲ್ಲ ಮಕ್ಕಳೇ ಅದು. ನಲವತ್ತರ ಸುತ್ತ ಶುರುವಾಗೋದು. ಗಂಡಸು ಹೆಂಗಸು ಅಂತಿಲ್ಲ. ಕೂತ್ರೂ ಕುಣಿತ, ಉಂಡ್ರೂ ಕುಣಿತ, ನಿದ್ದೇಲಿ ಮಾತ್ರ ಸುಮ್ನೆ. ಕಡೆಕಡೆಗೆ ಊರ್ಶುಲಾನ ಕುರ್ಚಿಗೆ ಕಟ್ತಿದ್ರು, ಬಿದ್ದು ತಲೆ ಒಡ್ಕೋಬಾರ್ದು ಅಂತ. ಆ ಮನೆಗೆ ಹೆಣ್ಣು ಕೊಡ್ತಿರ್ಲಿಲ್ಲ, ಆ ಮನೆಯಿಂದ ತರ್ತಾನೂ ಇರ್ಲಿಲ್ಲ. ಅದಕ್ಕೇ ಗಂಡುಹುಡುಗ್ರು ಊರು ಬಿಡೋರು, ದೂರ ಹೋಗಿ ಮದುವೆ ಆಗೋರು. ನಿಮ್ಮವನು ಎಲ್ಲಿಗೆ ಹೋದ?"

"ಪಾದರಸದ ಗಣಿಗೆ," ಎಂದಳು ನೇಜಾ.

ಮುದುಕಿ ತಲೆಯಾಡಿಸಿದಳು. "ಎಲ್ರೂ ನಡುಗೋ ಊರನ್ನೇ ಹುಡುಕ್ಕೊಂಡಿದ್ದಾನೆ. ಜಾಣ."

ನಾನು ಎದ್ದೆ. ಸ್ಟೂಲು ಉರುಳಿತು. "ಇಲ್ಲಿ ಹಳೇ ಕಾಲದಲ್ಲಿ ಏನಾದ್ರೂ ಗಣಿ ಇತ್ತಾ? ಸಣ್ಣದು?" ಎಂದು ಕೇಳಿದೆ.

"ಇಲ್ಲಿರೋದು ಹಸು, ಕಲ್ಲು. ಇನ್ನೇನಿಲ್ಲ."

ಇಳಿಯುವಾಗಲೂ ನೇಜಾ ನನ್ನ ತೋಳು ಬಿಡಲಿಲ್ಲ. ಕಾರಿನಲ್ಲಿ ಕೂತ ಮೇಲೆ ಎಂಜಿನ್ ಶುರುಮಾಡದೆ ಮುಂದೆ ನೋಡುತ್ತಿದ್ದಳು. ನಾನು ಕಿಟಕಿ ಕಡೆ ತಿರುಗಿದೆ. ಒಪ್ಪಂದದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಫೆಬ್ರವರಿ 15, ಭಾನುವಾರ

ಆ ಮುದುಕಿಗೆ ತೊಂಬತ್ತು. ಕಣ್ಣು ಕಾಣದವಳು ನಡಿಗೆ ಹೇಗೆ ನೋಡಿದಳು? ಹಳ್ಳಿಯವರಿಗೆ ಪಕ್ಕದ ಮನೆಯ ಕಥೆ ಕಟ್ಟುವುದೇ ಕೆಲಸ.

ಫೆಬ್ರವರಿ 17, ಮಂಗಳವಾರ

ಹೆದರಿಕೆಯಾಗಿದೆ. ಬರೆದುಬಿಟ್ಟೆ. ಇಲ್ಲಿ ಯಾರು ಓದುತ್ತಾರೆ.

ಸೂಜಿಗಲ್ಲ. ಸೂಜಿ ಚುಚ್ಚಿದವರು ಆಮೇಲೆ ಬಾಯಿ ತೆರೆದು ಏನಾದರೂ ಹೇಳಬೇಕಲ್ಲ, ಅದಕ್ಕೆ. ಹೇಳಿದ ಮೇಲೆ ನಾನು ಯಾವ ಲೋಟ ಬೀಳಿಸಿದರೂ ಅದು ಬರೀ ಲೋಟವಾಗಿ ಇರುವುದಿಲ್ಲ. ಸ್ಟಾನೆ ನನ್ನನ್ನು ನೋಡುವ ಕಣ್ಣೇ ಬದಲಾಗುತ್ತದೆ. ಈಗಲೇ ಬದಲಾಗಿದೆ.

ಅಪ್ಪನನ್ನು ಕಡೆಯ ವರ್ಷ ನಾನೇ ಉಣ್ಣಿಸುತ್ತಿದ್ದದ್ದು. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅವನ ತಲೆ ಅತ್ತ ಹಾರುತ್ತಿತ್ತು. ಆಗ ನನಗೆ ಹದಿನೇಳು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ನೇಜಾ ನನಗೆ ಹಾಗೆ ಉಣ್ಣಿಸುವುದು ಬೇಡ.

ಫೆಬ್ರವರಿ 26, ಗುರುವಾರ

ಆಲೂಗಡ್ಡೆ ತುಂಬಿದ ಜ್ಲಿಕ್ರೋಫಿ ಕಡುಬು ಮಾಡಲು ಕೂತೆ. ಹಿಟ್ಟನ್ನು ಬೆರಳಲ್ಲಿ ಹಿಂಡಿ ಕಿವಿ ಮಾಡಬೇಕು, ನಡುವೆ ಒತ್ತಿ ಟೊಪ್ಪಿಗೆ ಆಕಾರ ತರಬೇಕು. ಒಂದೂ ಸರಿ ಬರಲಿಲ್ಲ. ಈ ಸಲದ ಹಿಟ್ಟು ಸರಿಯಿಲ್ಲ, ಮಿಲ್ಲಿನವನು ಏನು ಬೆರೆಸುತ್ತಾನೋ. ಎಲ್ಲವನ್ನೂ ಎತ್ತಿ ಗೋಡೆಗೆ ಬಡಿದೆ. ಸ್ಟಾನೆ ಗೋಡೆ ಒರೆಸಿ, ಬ್ರೆಡ್ಡು ಕೊಯ್ದು, ನನ್ನ ಪಾಲಿಗೆ ಬೆಣ್ಣೆ ಸವರಿ ಕೊಟ್ಟ.

"ನಾನೇನು ಮಗುವಾ?"

"ಇಲ್ಲ ಕಣೇ. ನಂಗೆ ಬೇರೆ ಕೆಲಸ ಇಲ್ಲ, ಅದಕ್ಕೆ."

ನೇಜಾ ಬಂದು ಹತ್ತು ದಿನದ ಮೇಲಾಯಿತು.

ಮಾರ್ಚ್ 8, ಭಾನುವಾರ

ಮಹಿಳಾ ದಿನ. ಸ್ಟಾನೆ ಕೆಂಪು ಹೂ ತಂದ. ನೇಜಾ ಫೋನ್ ಮಾಡಿ ರಾಜಧಾನಿಯಲ್ಲಿ ಏನೋ ಕೆಲಸವಿದೆ, ಈ ವಾರವೂ ಬರಲಾಗುವುದಿಲ್ಲ ಎಂದಳು. ದನಿ ಒಡೆದಿತ್ತು. ಶೀತವಂತೆ.

ಪಕ್ಕದ ಮನೆಯವಳು ಮೆಟ್ಟಿಲ ಮೇಲೆ ನನ್ನನ್ನು ನೋಡಿ, "ಬೆಳಗ್ಗೆ ಬೆಳಗ್ಗೇನೇ ಶುರುವಾ ಪಾವ್ಲಾ?" ಎಂದು ಕೈಯನ್ನು ಲೋಟದ ಹಾಗೆ ಮಾಡಿ ತೋರಿಸಿದಳು. ಒಂದು ತೊಟ್ಟು ಮುಟ್ಟಿದವಳಲ್ಲ ನಾನು. ಅದನ್ನೇ ಹೇಳಿದೆ, ಜೋರಾಗಿ. ಇಡೀ ಬೀದಿಗೆ ಕೇಳಿಸಿರಬೇಕು.

ಮಾರ್ಚ್ 19, ಗುರುವಾರ

ಡಯಾನ್‌ಳ ಅಮ್ಮ ತೀರಿಕೊಂಡಳಂತೆ. ಉಣ್ಣುವಾಗ ಅನ್ನನಾಳಕ್ಕೆ ಹೋಗಬೇಕಾದದ್ದು ಉಸಿರಿನ ನಾಳಕ್ಕೆ ಹೋಯಿತಂತೆ. ಸ್ಟಾನೆಗೆ, ನೇಜಾ ಕಳಿಸಿದ ಮೇಲ್ ಓದಿ ಹೇಳು ಎಂದವಳು ನಾನೇ, ಅರ್ಧದಲ್ಲಿ ಸಾಕು ಎಂದವಳೂ ನಾನೇ.

ಲೇಸಿನ ದಿಂಬನ್ನು ಅಟ್ಟಕ್ಕೆ ಹಾಕಿಸಿದೆ. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ. ಬೇಸಿಗೆಯಲ್ಲಿ ನೋಡಿದರಾಯಿತು.

ಮಾರ್ಚ್ 27

ಬಿದ್ದೆ. ಬಚ್ಚಲಲ್ಲಿ. ಏನಿಲ್ಲ. ಚಪ್ಪಲಿ.

ಮಾರ್ಚ್ 31, ಮಂಗಳವಾರ

ಸಾರಿನ ಬೋಗುಣಿ ಎಲ್ಲೂ ಕಾಣುತ್ತಿಲ್ಲ, ಅಮ್ಮ ಕೊಟ್ಟದ್ದು. ಸ್ಟಾನೆ ಎಲ್ಲಿಟ್ಟಿದ್ದಾನೋ. ಕೇಳಿದರೆ, "ಹುಡುಕ್ತೀನಿ ಬಿಡು," ಎಂದು ಹೊರಗೆ ಹೋದ. ಇವನಿಗೆ ಮರೆವು ಶುರುವಾಗಿದೆ.

ಏಪ್ರಿಲ್ 4, ಶನಿವಾರ

ಇವತ್ತು ನೇಜಾ ಬಂದಳು! ಹೊಟ್ಟೆ ಚೆನ್ನಾಗಿ ಕಾಣುತ್ತಿದೆ. ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ನಿಂತಳು. ವಾಸನೆಗೆ ಅವಳಿಗೆ ವಾಕರಿಕೆ ಬರುತ್ತದೆಂದು ಸ್ಟಾನೆ ಹುಳಿ ಬರಿಸಿದ ಕೋಸಿನ ಪಲ್ಯ ಹೊರಗಿಟ್ಟ. ಒಳಗೆ ಕೂತ ಮೇಲೆ ಹೇಳಿದಳು:

"ಅಮ್ಮಾ, ನಾನೇ ಪರೀಕ್ಷೆ ಮಾಡಿಸ್ಕೊಂಡೆ. ಪೊಡ್‌ಲಾಜ್‌ಗೆ ಹೋದ ಶನಿವಾರದ ಮಾರನೇ ವಾರಾನೇ ಹೋದೆ. ನಿನ್ನೆ ಹೇಳಿದ್ರು. ನನ್ನಲ್ಲಿಲ್ಲ."

"ಇಲ್ವಾ?"

"ಇಲ್ಲ. ಮಗೂಗೂ ಬರಲ್ಲ."

ನಾನು ಅತ್ತುಬಿಟ್ಟೆ. ಎಷ್ಟು ಅತ್ತೆನೆಂದರೆ ಮೂಗು, ಕಣ್ಣು ಒಂದೂ ತಿಳಿಯಲಿಲ್ಲ. ಆಮೇಲೆ ನಕ್ಕೆ. ಈ ಮೂರು ತಿಂಗಳು ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಹೋಯಿತು. "ನಾನು ಹೇಳ್ಲಿಲ್ವಾ? ಮೊದಲ್ನೇ ದಿನಾನೇ ಹೇಳ್ದೆ, ಪಾದರಸ ಅಂತ! ನಿನ್ನಲ್ಲಿಲ್ಲ ಅಂದ್ರೆ ನನ್ನಲ್ಲೂ ಇಲ್ಲ, ಮುಗೀತಲ್ಲ! ಇನ್ನು ನನಗ್ಯಾಕೆ ಸೂಜಿ?"

ಸ್ಟಾನೆ ಸೌದೆ ತರುತ್ತೇನೆಂದು ಎದ್ದು ಹೋದ. ಒಲೆಯ ಪಕ್ಕ ಸೌದೆ ತುಂಬಿಕೊಂಡೇ ಇತ್ತು.

ನೇಜಾ ನನ್ನ ಮಾತಿಗೆ ಹೂಂ ಎಂದಳು. ಹೌದಮ್ಮಾ ಎಂದಳು. ವಕೀಲಿಕೆ ಮಾಡಲಿಲ್ಲ, ಎದುರು ಮಾತಾಡಲಿಲ್ಲ. ನನ್ನ ಎರಡೂ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಮಡಿಲಲ್ಲಿಟ್ಟು ಬಿಗಿಯಾಗಿ ಒತ್ತಿ ಹಿಡಿದಳು. ಬಸುರಿಯರಿಗೆ ಪ್ರೀತಿ ಉಕ್ಕುತ್ತದೆ, ನನಗೂ ಹಾಗೇ ಆಗಿತ್ತು. ನಾನು ಮಗುವಿನ ಬಗ್ಗೆ ಮಾತಾಡುತ್ತಲೇ ಇದ್ದೆ. ತೊಟ್ಟಿಲು ಎಲ್ಲಿಡಬೇಕು, ಯಾವ ಹೆಸರಿಡಬೇಕು, ರಾತ್ರಿ ಅತ್ತರೆ ನಾನು ಹೇಗೆ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಉದ್ದಕ್ಕೂ ಓಡಾಡುತ್ತೇನೆ, ನೇಜಾಳನ್ನು ಹಾಗೆ ತಿರುಗಿಸಿಯೇ ಬೆಳೆಸಿದ್ದು.

ಹೊರಡುವಾಗ ಕೋಟು ಹಾಕಿಕೊಂಡು, ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗದೆ ಹೇಳಿದಳು:

"ಅಮ್ಮಾ, ಮಗೂನ ಎತ್ಕೊಳ್ಳೋವಾಗ ಕೂತ್ಕೊಂಡೇ ಎತ್ಕೊ. ಆಯ್ತಾ?"

ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆಯ್ತು ಎಂದೆ.